ಹಣ್ಣಿನ ಕೇಕು: ಕರದಿಂದ ಕೊಡುಗೆಗೆ

ಹಿಟ್ಟು, ಜಿಡ್ಡು, ಸಿಹಿ ಎಂಬೀ ಮೂರನ್ನು ಅಗ್ನಿಯ ಸಹಾಯದಿಂದ ಒಂದುಗೂಡಿಸಿ ಭಕ್ಷ್ಯವನ್ನು ಮಾಡುವ ವಿದ್ಯೆಯು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಋಗ್ವೇದದಲ್ಲಿಯೇ ಘೃತಯುಕ್ತವಾದ ಅಪೂಪದ ಉಲ್ಲೇಖವಿರುವುದು. ಅಮರಸಿಂಹನು ಪೂಪ, ಅಪೂಪ, ಪಿಷ್ಟಕ ಎಂಬ ಶಬ್ದಗಳನ್ನು ಪರ್ಯಾಯಗಳನ್ನಾಗಿ ಹೇಳಿರುವನು. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ ನಮ್ಮ ಮೂರನೆಯ ಮಂಗರಸನು ತನ್ನ ಸೂಪಶಾಸ್ತ್ರದ ಮೊದಲ ಅಧ್ಯಾಯವನ್ನೇ ಪಿಷ್ಟಪಾಕಕ್ಕೆ ಮೀಸಲಾಗಿಟ್ಟನು. ಹೀಗಿರುವಲ್ಲಿ, ಡಿಸೆಂಬರು ತಿಂಗಳು ಬಂದೊಡನೆ ನಮ್ಮ ಊರುಗಳ ಬೇಕರಿಗಳಲ್ಲಿ ಕಾಣಿಸಿಕೊಳ್ಳುವ, ಒಣದ್ರಾಕ್ಷಿ ಗೋಡಂಬಿಗಳಿಂದ ತುಂಬಿದ ಕಂದುಬಣ್ಣದ ಕೇಕನ್ನು ಕಂಡು ಇದು ಪರದೇಶದ ಪದಾರ್ಥವೆಂದು ಮುಖ ತಿರುಗಿಸಬೇಕಾದುದಿಲ್ಲ. ಅದರ ರೂಪವು ಪಾಶ್ಚಾತ್ಯವಾದುದು, ನಿಜ; ಆದರೆ ಅದರ ಚರಿತ್ರೆಯಲ್ಲಿ ಸರ್ವ ಮನುಷ್ಯರಿಗೂ ಸಂಬಂಧಿಸಿದ ಒಂದು ಪ್ರಶ್ನೆ ಅಡಗಿದೆ. ಒಬ್ಬನು ಮತ್ತೊಬ್ಬನಿಗೆ ಕೊಡುವ ತಿನಿಸು ಯಾವಾಗ ಕರ, ಯಾವಾಗ ಕಾಣಿಕೆ, ಯಾವಾಗ ನಿಜವಾದ ಕೊಡುಗೆ ಎಂಬುದೇ ಆ ಪ್ರಶ್ನೆ.

ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಒಂದು ವಿಶೇಷವು ತಿಳಿದಿರಬಹುದು. ಕ್ಷತ್ರಿಯವರ್ಗದಲ್ಲಿ ಭಾಗಧೇಯ, ಕರ, ಬಲಿ ಎಂದು ತೆರಿಗೆಯ ಹೆಸರುಗಳನ್ನು ಹೇಳಿ, ಕಡವು ಮುಂತಾದೆಡೆಗಳಲ್ಲಿ ಕೊಡತಕ್ಕ ಶುಲ್ಕವನ್ನು ಹೇಳಿ, ಅದರ ಬೆನ್ನಿಗೇ ಪ್ರಾಭೃತ, ಪ್ರದೇಶನ, ಉಪಾಯನ, ಉಪಗ್ರಾಹ್ಯ, ಉಪಹಾರ, ಉಪದಾ ಎಂದು ಕಾಣಿಕೆಯ ಆರು ಹೆಸರುಗಳನ್ನು ಕೋಶಕಾರನು ಪೋಣಿಸಿರುವನು. ತೆರಿಗೆಗೂ ಕಾಣಿಕೆಗೂ ನಡುವೆ ಇರುವುದು ಒಂದು ಕಡವಿನ ಸುಂಕ ಮಾತ್ರ! ನಮ್ಮ ಕನ್ನಡದಲ್ಲಿಯೂ ಹಾಗೆಯೇ. ದೊರೆಯನ್ನು ಕಾಣಲು ಹೋಗುವಾಗ ಕೈಯಲ್ಲಿ ಒಯ್ಯುವುದು ಕಾಣಿಕೆ. ಆದರೆ ವಿಜಯನಗರ ಕಾಲದ ಶಾಸನಗಳಲ್ಲಿ ಕಾಣಿಕೆಯೆಂಬುದು ಕಡ್ಡಾಯವೇ ಮೊದಲಾದವುಗಳ ಜೊತೆಯಲ್ಲಿ ಒಂದು ತೆರಿಗೆಯ ಹೆಸರಾಗಿ ಬರುವುದು. ಪ್ರೀತಿಯಿಂದ ಮೊದಲಾದುದು ಕ್ರಮೇಣ ವಾಡಿಕೆಯಾಗಿ, ವಾಡಿಕೆಯು ಹಕ್ಕಾಗಿ, ಹಕ್ಕು ವಸೂಲಿಯಾಗಿ ಪರಿಣಮಿಸುವುದು ಲೋಕದಲ್ಲಿ ಹೊಸದಲ್ಲ. ಹಣ್ಣಿನ ಕೇಕಿನ ಚರಿತ್ರೆಯ ಸ್ವಾರಸ್ಯವೇನೆಂದರೆ, ಅದು ಈ ದಾರಿಯಲ್ಲಿ ಹಿಂದುಮುಂದಾಗಿ ನಡೆದಿದೆ. ಅದು ಕರವಾಗಿ ಹುಟ್ಟಿ ಕೊಡುಗೆಯಾಗಿ ಬೆಳೆಯಿತು.

ಇಟಲಿ ದೇಶದ ಸಿಯೆನಾ ಪಟ್ಟಣದಲ್ಲಿ ಪಾನ್‌ಫೋರ್ತೆ ಎಂಬ ಭಕ್ಷ್ಯವು ಇಂದಿಗೂ ಪ್ರಸಿದ್ಧವಾಗಿದೆ. ಬಾದಾಮಿ, ಸಕ್ಕರೆಯಲ್ಲಿ ಪಾಕವಾದ ಹಣ್ಣಿನ ಸಿಪ್ಪೆ, ಜೇನು, ಸಾಂಬಾರ ಜೀನಸುಗಳು ಇವುಗಳನ್ನು ಅತ್ಯಲ್ಪವಾದ ಹಿಟ್ಟಿನಿಂದ ಬಂಧಿಸಿ ಬೇಯಿಸಿದ, ಬಿಲ್ಲೆಯಂತೆ ಚಪ್ಪಟೆಯಾದ ತಿನಿಸು ಅದು. ಇದರ ಪೂರ್ವಜವೆಂದು ಎಣಿಸಲ್ಪಡುವ ಜೇನುಮೆಣಸಿನ ರೊಟ್ಟಿಯ ಹೆಸರು ಮೊದಲು ದೊರೆಯುವುದು 1205ನೆಯ ಇಸವಿಯ ಒಂದು ಪತ್ರದಲ್ಲಿ. ಅದು ಪಾಕಶಾಸ್ತ್ರದ ಗ್ರಂಥವಲ್ಲ. ಮಾಂತೆಚೆಲ್ಸೋ ಮಠದ ಸಂನ್ಯಾಸಿನಿಯರಿಗೆ ಅವರ ಒಕ್ಕಲುಗಳು ಸಲ್ಲಿಸಬೇಕಾದ ಬಾಕಿಯ ಲೆಕ್ಕದಲ್ಲಿ ಆ ರೊಟ್ಟಿಗಳೂ ಸೇರಿದ್ದವು. ಆ ಕಾಲದಲ್ಲಿ ಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟು, ಅರಬರ ಹಡಗುಗಳಲ್ಲಿ ಸಾಗಿ, ಹಲವು ಕೈಗಳನ್ನು ದಾಟಿ ಇಟಲಿಯನ್ನು ಸೇರುತ್ತಿದ್ದಿತು. ಇಷ್ಟು ದೂರ ಬಂದ ವಸ್ತುವನ್ನು ಒಕ್ಕಲಿಗನು ತಾನು ತಿನ್ನಲಿಲ್ಲ, ಒಡೆಯರಿಗೆ ಒಪ್ಪಿಸಿದನು.

ಜರ್ಮನಿಯ ವೃತ್ತಾಂತವೂ ಇದನ್ನೇ ಹೇಳುವುದು. 1329ರಲ್ಲಿ ನೌಂಬುರ್ಗ್ ಪಟ್ಟಣದ ಬಿಷಪ್ಪನು ಅಲ್ಲಿಯ ರೊಟ್ಟಿಗಾರರ ಶ್ರೇಣಿಗೆ ಹಕ್ಕುಪತ್ರವನ್ನು ಕೊಡುವಾಗ, ಪ್ರತಿವರ್ಷವೂ ಕ್ರಿಸ್ತಜಯಂತಿಯಂದು ತನಗೆ ಗೋಧಿಯ ಎರಡು ಉದ್ದ ರೊಟ್ಟಿಗಳನ್ನು ಸಲ್ಲಿಸಬೇಕೆಂದು ವಿಧಿಸಿದನು. ಇದೇ ಮುಂದೆ ಷ್ಟೋಲೆನ್ ಎಂದು ಪ್ರಸಿದ್ಧವಾದ ದ್ರಾಕ್ಷಿಬಾದಾಮಿಗಳ ಕೇಕು. ಆದರೆ ಆರಂಭದಲ್ಲಿ ಅದು ನಾಲಿಗೆಗೆ ಹಿತವಾದುದೇನೂ ಆಗಿರಲಿಲ್ಲ. ಕ್ರಿಸ್ತಜಯಂತಿಯ ಮುಂಚಿನ ವಾರಗಳು ವ್ರತಕಾಲವಾದುದರಿಂದ ಹಾಲುಬೆಣ್ಣೆಗಳು ನಿಷಿದ್ಧವಾಗಿದ್ದವು. ಹಿಟ್ಟು, ನೀರು, ಎಣ್ಣೆ ಇಷ್ಟರಿಂದಲೇ ಅದನ್ನು ಮಾಡಬೇಕಾಗಿದ್ದಿತು. ಬೆಣ್ಣೆಯನ್ನು ಉಪಯೋಗಿಸಲು ಅಪ್ಪಣೆ ಕೊಡಬೇಕೆಂದು ಸ್ಯಾಕ್ಸನಿಯ ಪ್ರಭುಗಳು ರೋಮಿನ ಪೋಪರಲ್ಲಿ ಬಿನ್ನವಿಸಿಕೊಂಡರು. ಬಹುಕಾಲದ ಮೇಲೆ, 1491ರಲ್ಲಿ, ಎಂಟನೆಯ ಇನೊಸೆಂಟ್ ಎಂಬ ಪೋಪನಿಂದ ಅನುಮತಿ ದೊರೆಯಿತು. ಚರಿತ್ರೆಯಲ್ಲಿ ಅದಕ್ಕೆ ಬೆಣ್ಣೆಯ ಪತ್ರವೆಂದೇ ಹೆಸರು. ಆದರೆ ಅನುಮತಿಯು ಪುಕ್ಕಟೆಯಾಗಿರಲಿಲ್ಲ; ಬೆಣ್ಣೆ ತಿನ್ನುವವರು ದಂಡರೂಪವಾಗಿ ಹಣ ತೆರಬೇಕು, ಆ ಹಣವು ಫ್ರೈಬೆರ್ಗ್ ಪಟ್ಟಣದ ದೇವಾಲಯದ ಕಟ್ಟಡಕ್ಕೆ ಸಲ್ಲಬೇಕು ಎಂದಾಯಿತು. ಉಳ್ಳವನಿಗೆ ಬೆಣ್ಣೆ, ಇಲ್ಲದವನಿಗೆ ಎಣ್ಣೆ. ನಿಯಮವು ಒಂದೇ ಆದರೂ ಅದರ ಭಾರವು ಎಲ್ಲರ ಹೆಗಲ ಮೇಲೂ ಸಮನಾಗಿ ಬೀಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಕರವಾಗಿದ್ದ ಕೇಕು ಮುಂದೆ ರಾಜವೈಭವದ ಸಾಧನವಾಯಿತು. ಸ್ಯಾಕ್ಸನಿಯ ಅರಸನಾದ ಬಲಶಾಲಿ ಆಗಸ್ಟಸನು 1730ರಲ್ಲಿ ಚೈಟ್‌ಹೈನ್ ಎಂಬಲ್ಲಿ ತನ್ನ ಸೈನ್ಯದ ಪ್ರದರ್ಶನವನ್ನು ಏರ್ಪಡಿಸಿ, ಅತಿಥಿಗಳಿಗೆ ಹಂಚಲೆಂದು ಸುಮಾರು 1.8 ಟನ್ ತೂಕದ ಒಂದೇ ಒಂದು ಷ್ಟೋಲೆನನ್ನು ಮಾಡಿಸಿದನು. ಅದಕ್ಕೆಂದು ಪ್ರತ್ಯೇಕವಾಗಿ ಒಲೆಯನ್ನು ಕಟ್ಟಬೇಕಾಯಿತು. ಇಲ್ಲಿ ಕೊಡುವವನು ಅರಸನೇ. ಆದರೆ ಇದನ್ನು ಕೊಡುಗೆಯೆನ್ನುವುದು ಹೇಗೆ? ಉಂಡವರು ನೆನೆಯಬೇಕಾದುದು ಕೇಕಿನ ರುಚಿಯನ್ನಲ್ಲ, ಕೊಟ್ಟವನ ದೊಡ್ಡಸ್ತಿಕೆಯನ್ನು.

ಇನ್ನು ಇಂಗ್ಲೆಂಡಿನ ಕಡೆಗೆ ತಿರುಗೋಣ. ಅಲ್ಲಿ ಇದಕ್ಕೆ ಪ್ಲಂ ಕೇಕು ಎಂದು ಹೆಸರು. ಪ್ಲಂ ಎಂಬುದು ಒಂದು ಹಣ್ಣಿನ ಹೆಸರಾದರೂ, ಹಿಂದಿನ ಆಂಗ್ಲೇಯರ ಅಡಿಗೆಮನೆಯಲ್ಲಿ ಒಣದ್ರಾಕ್ಷಿಗೆ ಆ ಮಾತು ಸಲ್ಲುತ್ತಿದ್ದಿತು. ಅವರು ಕರಂಟ್ ಎನ್ನುವ ಸಣ್ಣ ಕಪ್ಪು ದ್ರಾಕ್ಷಿಯ ಹೆಸರು ಗ್ರೀಸಿನ ಕೊರಿಂಥ್ ಪಟ್ಟಣದಿಂದ ಬಂದುದು. ಹ್ಯಾನಾ ಗ್ಲಾಸ್ ಎಂಬಾಕೆಯು 1747ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಇಂತಹ ಕೇಕಿಗೆ ನಾಲ್ಕು ಪೌಂಡು ಹಿಟ್ಟು, ಏಳು ಪೌಂಡು ಕರಂಟ್ ದ್ರಾಕ್ಷಿ, ಆರು ಪೌಂಡು ಬೆಣ್ಣೆ ಎಂದು ಲೆಕ್ಕವನ್ನು ಹೇಳಿದ್ದಾಳೆ. ಹಿಟ್ಟಿಗಿಂತ ಹಣ್ಣು ಹೆಚ್ಚು, ಬೆಣ್ಣೆಯೂ ಹೆಚ್ಚು. ಆಗ ಹಿಟ್ಟನ್ನು ಉಬ್ಬಿಸುವ ಪುಡಿಯಿರಲಿಲ್ಲ. ಮದ್ಯದ ಕಿಣ್ವದಿಂದಲೋ, ಇಲ್ಲವಾದರೆ ಮೊಟ್ಟೆ ಬೆಣ್ಣೆಗಳನ್ನು ಕೈಯಿಂದ ಒಂದು ಗಂಟೆಯ ಹೊತ್ತು ಕಡೆದು ಅದರೊಳಗೆ ಗಾಳಿಯನ್ನು ಸೇರಿಸುವುದರಿಂದಲೋ ಹಗುರತನವನ್ನು ಪಡೆಯಬೇಕಾಗಿದ್ದಿತು. ಸಕ್ಕರೆಯೂ ಈಗಿನಂತೆ ಕಾಳಾಗಿ ಬರುತ್ತಿರಲಿಲ್ಲ. ಗಟ್ಟಿಯಾದ ಅಚ್ಚನ್ನು ತಂದು ಒಡೆದು, ಕುಟ್ಟಿ, ಜರಡಿಯಾಡಬೇಕು. ದ್ರಾಕ್ಷಿಯ ಬೀಜವನ್ನು ಒಂದೊಂದಾಗಿ ತೆಗೆಯಬೇಕು. ಈ ಕೆಲಸವನ್ನು ಮಾಡುತ್ತಿದ್ದವರು ಸಿರಿವಂತರ ಮನೆಯ ಊಳಿಗದ ಹೆಂಗಸರು. ಕೇಕನ್ನು ಕೊಟ್ಟ ಕೀರ್ತಿ ಯಜಮಾನಿಯದು. ಕೈ ಸೋತುದು ಇನ್ನೊಬ್ಬಳದು.

ಇಲ್ಲಿಯೇ ಸಕ್ಕರೆಯ ವಿಷಯವನ್ನು ಹೇಳಬೇಕಾಗಿದೆ. ಇದರಲ್ಲಿ ನಮ್ಮ ದೇಶಕ್ಕೆ ಹೆಮ್ಮೆಯೂ ಉಂಟು, ವ್ಯಥೆಯೂ ಉಂಟು. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆಯು ಭಾರತದ್ದು. ನಮ್ಮ ಶರ್ಕರಾ ಶಬ್ದವೇ ಪಾರಸಿಯಲ್ಲಿ ಶಕರ್ ಆಗಿ, ಅರಬಿಯಲ್ಲಿ ಸುಕ್ಕರ್ ಆಗಿ, ಆಂಗ್ಲರಲ್ಲಿ ಶುಗರ್ ಆಯಿತು. ಖಂಡವು ಕಂದ್ ಆಗಿ ಕೊನೆಗೆ ಕ್ಯಾಂಡಿ ಆಯಿತು. 647ರ ಸುಮಾರಿನಲ್ಲಿ ಚೀನದ ತಾಂಗ್ ವಂಶದ ಚಕ್ರವರ್ತಿಯು ಸಕ್ಕರೆಯ ಪಾಕವನ್ನು ಕಲಿತು ಬರಲೆಂದು ಮಗಧಕ್ಕೆ ಜನರನ್ನು ಕಳುಹಿಸಿದನು. ಹೀಗೆ ವಿದ್ಯೆಯಾಗಿ ಹೊರಟದ್ದು ಪಶ್ಚಿಮಕ್ಕೆ ಹೋದಮೇಲೆ ಪಾಪದ ಮೂಲವಾಯಿತು. ಕೊಲಂಬಸನು 1493ರ ತನ್ನ ಎರಡನೆಯ ಯಾತ್ರೆಯಲ್ಲಿ ಕಬ್ಬನ್ನು ಕೆರಿಬಿಯನ್ ದ್ವೀಪಗಳಿಗೆ ಒಯ್ದನು. ಆಮೇಲೆ ಆ ಕಬ್ಬಿನ ತೋಟಗಳಿಗಾಗಿ ಆಫ್ರಿಕದ ಲಕ್ಷಾಂತರ ಜನರನ್ನು ಸೆರೆಹಿಡಿದು, ಹಡಗುಗಳಲ್ಲಿ ತುಂಬಿ, ಗುಲಾಮರನ್ನಾಗಿ ಮಾರಿದರು. ಇಂಗ್ಲೆಂಡಿನ ಕೇಕಿನ ಸಿಹಿಯು ಆ ಜನರ ರಕ್ತದಿಂದ ಬಂದುದು.

ಆ ದೇಶದ ಗೃಹಿಣಿಯರಲ್ಲಿ ಅನೇಕರು ಇದನ್ನು ಅರಿತರೆಂಬುದನ್ನೂ ಹೇಳುವುದು ನ್ಯಾಯ. 1791ರಲ್ಲಿ ವಿಲಿಯಂ ಫಾಕ್ಸ್ ಎಂಬವನು ಪಶ್ಚಿಮ ಇಂಡೀಸಿನ ಸಕ್ಕರೆಯನ್ನು ವರ್ಜಿಸಬೇಕೆಂದು ಒಂದು ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದನು. ಸಾವಿರಾರು ಮನೆಗಳಲ್ಲಿ ಆ ಸಕ್ಕರೆ ನಿಂತುಹೋಯಿತು. ಈ ಸಕ್ಕರೆಯು ಗುಲಾಮರು ಮಾಡಿದುದಲ್ಲ, ಪೂರ್ವದೇಶದಿಂದ ಬಂದುದು ಎಂಬ ಅಭಿಪ್ರಾಯದ ಬರಹವುಳ್ಳ ಸಕ್ಕರೆಯ ಬಟ್ಟಲುಗಳನ್ನು ಊಟದ ಮೇಜಿನ ಮೇಲೆ ಇಡುವ ಪದ್ಧತಿಯೂ ಮುಂದೆ ಬಂದಿತು. ಗುಲಾಮರ ವ್ಯಾಪಾರವು 1807ರಲ್ಲಿಯೂ, ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯು 1833ರ ಶಾಸನದಿಂದಲೂ ನಿಷೇಧಿಸಲ್ಪಟ್ಟವು. ಆದರೆ ಕಬ್ಬಿನ ಹೊಲಕ್ಕೆ ಆಳು ಬೇಕಷ್ಟೆ. 1834ರಿಂದ ಮೊದಲ್ಗೊಂಡು ನಮ್ಮ ದೇಶದ ಬಡವರನ್ನೇ ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಮಾರಿಷಸ್ಸಿಗೂ, ಅನಂತರ ಟ್ರಿನಿಡಾಡ್, ಫಿಜಿ ಮೊದಲಾದ ದ್ವೀಪಗಳಿಗೂ ಸಾಗಿಸಿದರು. ಸಕ್ಕರೆಯ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ದೇಶದ ಮಕ್ಕಳು ಅನ್ಯರ ಸಕ್ಕರೆಗಾಗಿ ಪರದೇಶದಲ್ಲಿ ಬೆವರು ಸುರಿಸಿದರು. ಉಡುಗೊರೆಯ ಗುಣವನ್ನು ಕೊಟ್ಟವನ ಮುಖದಿಂದಲೂ ಪಡೆದವನ ಮುಖದಿಂದಲೂ ಮಾತ್ರ ಅಳೆಯುವುದು ಸಾಲದು, ಕಣ್ಣಿಗೆ ಬೀಳದ ಮೂರನೆಯವನ ಮುಖವನ್ನೂ ನೋಡಬೇಕು ಎಂಬ ಪಾಠವು ಇದರಿಂದ ಸಿದ್ಧವಾಗುವುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಕೇಕು ಅರಮನೆಯಿಂದ ಸಾಮಾನ್ಯರ ಮನೆಗೆ ಇಳಿಯಿತು. ವಿಕ್ಟೋರಿಯಾ ರಾಣಿಯ ವಿವಾಹಕ್ಕೆ 1840ರಲ್ಲಿ 300 ಪೌಂಡು ತೂಕದ ಕೇಕನ್ನು ಮಾಡಿದ್ದರು. ಅದಾದ ಮೂರೇ ವರ್ಷಗಳಲ್ಲಿ, 1843ರಲ್ಲಿ, ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ಬರ್ಡ್ ಎಂಬ ಔಷಧವ್ಯಾಪಾರಿಯು ಕಿಣ್ವವು ಒಗ್ಗದ ತನ್ನ ಪತ್ನಿಗಾಗಿ ಬೇಕಿಂಗ್ ಪೌಡರನ್ನು ಕಂಡುಹಿಡಿದನು. ಕ್ಷಾರವೂ ಆಮ್ಲವೂ ಒಣಪುಡಿಯಾಗಿ ಒಂದೆಡೆಯಿದ್ದು, ನೀರು ಸೋಕಿದೊಡನೆ ಕೂಡಿ ಅನಿಲವನ್ನು ಬಿಡುವುದು. ಆ ಅನಿಲವು ಹಿಟ್ಟನ್ನು ಉಬ್ಬಿಸುವುದು. ಒಂದು ಗಂಟೆಯ ತೋಳಿನ ಶ್ರಮವನ್ನು ಒಂದು ಚಮಚೆ ಪುಡಿಯು ತಪ್ಪಿಸಿತು. ಕಬ್ಬಿಣದ ಒಲೆಗಳು ಮನೆಮನೆಗೂ ಬಂದುವು. 1874ರಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆಯ ಸುಂಕವು ರದ್ದಾಯಿತು. ಕೂಲಿಕಾರನ ಹೆಂಡತಿಯೂ ಹಬ್ಬಕ್ಕೆ ಒಂದು ಕೇಕನ್ನು ಮಾಡಿ, ಅದರಲ್ಲಿ ಒಂದು ತುಂಡನ್ನು ನೆರೆಯವಳಿಗೆ ಕೊಡಬಲ್ಲವಳಾದಳು. ಯಾರ ಹಕ್ಕೂ ಅಲ್ಲದೆ, ಯಾರ ವೈಭವಕ್ಕೂ ಅಲ್ಲದೆ, ಸಮಾನರು ಸಮಾನರಿಗೆ ಕೊಟ್ಟುದು ಇದೇ ಮೊದಲೆನ್ನಬಹುದು.

ಈ ಕೊಡುಗೆಯ ಸತ್ತ್ವವು ಪರೀಕ್ಷೆಗೆ ಗುರಿಯಾದುದು ಯುದ್ಧಕಾಲದಲ್ಲಿ. ಬ್ರಿಟನ್ನಿನಲ್ಲಿ 1940ರ ಜನವರಿಯಿಂದ ಸಕ್ಕರೆ ಬೆಣ್ಣೆಗಳಿಗೆ ಪಡಿತರದ ಕಟ್ಟು ಬಂದಿತು. ಸಕ್ಕರೆಯ ಕಟ್ಟು 1953ರವರೆಗೂ ಸಡಿಲಲಿಲ್ಲ. ಕೇಕಿನ ಮೇಲೆ ಸಕ್ಕರೆಯ ಲೇಪವನ್ನು ಕೊಡುವುದು ಕಾನೂನಿಗೆ ವಿರುದ್ಧವಾಯಿತು. ಮದುವೆಯ ಮನೆಗಳಲ್ಲಿ ಚಿಕ್ಕದೊಂದು ಕೇಕಿನ ಮೇಲೆ ರಟ್ಟಿನ ಬಿಳಿಯ ಗೋಪುರವನ್ನು ಬೋರಲು ಹಾಕಿ ಚಿತ್ರ ತೆಗೆಯಿಸಿಕೊಳ್ಳುತ್ತಿದ್ದರು. ಯುದ್ಧವು ಮುಗಿದ ಮೇಲೂ ಅಭಾವವು ತೀರಲಿಲ್ಲ. 1947ರಲ್ಲಿ ರಾಜಕುಮಾರಿ ಎಲಿಜಬೆತ್ತಳ ಮದುವೆಯ ಕೇಕಿಗೆ ಬೇಕಾದ ಪದಾರ್ಥಗಳನ್ನು ಆಸ್ಟ್ರೇಲಿಯದ ಗರ್ಲ್ ಗೈಡ್ ಬಾಲಿಕೆಯರು ಉಡುಗೊರೆಯಾಗಿ ಕಳುಹಿಸಿದರು. ಅಷ್ಟು ದೂರದಿಂದ ಬಂದುದರಿಂದ ಅದಕ್ಕೆ ಹತ್ತುಸಾವಿರ ಮೈಲಿಯ ಕೇಕೆಂದು ಹೆಸರಾಯಿತು. ನಾಲ್ಕು ಅಂತಸ್ತು, ಒಂಬತ್ತು ಅಡಿ ಎತ್ತರ. ಸಿಯೆನಾದ ಒಕ್ಕಲುಗಳೂ ಈ ಬಾಲಿಕೆಯರೂ ತಮಗಿಂತ ಮೇಲಿನವರಿಗೇ ಕೊಟ್ಟರು. ಆದರೆ ಕೊಡದಿದ್ದರೆ ಮೊದಲಿನವರಿಗೆ ಶಿಕ್ಷೆಯಿದ್ದಿತು. ಎರಡನೆಯವರಿಗೆ ಯಾವ ಬಾಧೆಯೂ ಇರಲಿಲ್ಲ. ಕರಕ್ಕೂ ಕೊಡುಗೆಗೂ ಇರುವ ಅಂತರವು ಇಷ್ಟೇ, ಮತ್ತು ಇಷ್ಟೂ.

ಈ ಕೇಕು ಉಡುಗೊರೆಗೆ ಯೋಗ್ಯವಾದುದಕ್ಕೆ ಮತ್ತೊಂದು ಕಾರಣವು ಅದರ ದೀರ್ಘಾಯುಸ್ಸು. ಅಂಟಾರ್ಕ್ಟಿಕದ ಅಡೇರ್ ಭೂಶಿರದ ಹಳೆಯ ಗುಡಿಸಲೊಂದರಲ್ಲಿ, ಕ್ಯಾಪ್ಟನ್ ಸ್ಕಾಟನ ತಂಡದವರು 1911ರ ಸುಮಾರಿನಲ್ಲಿ ಬಿಟ್ಟುಹೋದುದೆಂದು ತಿಳಿಯಲಾದ ಒಂದು ಹಣ್ಣಿನ ಕೇಕು 2017ರಲ್ಲಿ ದೊರೆಯಿತು. ತಗಡಿನ ಡಬ್ಬಿಗೆ ತುಕ್ಕು ಹಿಡಿದಿದ್ದರೂ ಒಳಗಿನ ಕೇಕು ತನ್ನ ಆಕಾರವನ್ನೂ ಸುವಾಸನೆಯನ್ನೂ ಬಹುಮಟ್ಟಿಗೆ ಉಳಿಸಿಕೊಂಡಿದ್ದಿತು. ಹಿಮದ ಶೈತ್ಯವು ಇದಕ್ಕೆ ಮುಖ್ಯ ಕಾರಣವಾದರೂ ಕೇಕಿನ ಸ್ವಭಾವವೂ ಕಾರಣವೇ. ಸಕ್ಕರೆ ಮತ್ತು ಒಣಹಣ್ಣುಗಳು ನೀರನ್ನು ತಮ್ಮಲ್ಲಿ ಬಿಗಿಹಿಡಿದುಕೊಳ್ಳುವುದರಿಂದ ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ತೇವವು ದೊರೆಯುವುದಿಲ್ಲ. ನಮ್ಮ ಉಪ್ಪಿನಕಾಯಿಯನ್ನು ಉಪ್ಪು ಕಾಯುವಂತೆ ಈ ಕೇಕನ್ನು ಸಕ್ಕರೆ ಕಾಯುವುದು. ಆದಕಾರಣ ದೂರದ ಬಂಧುಗಳಿಗೆ ಅಂಚೆಯಲ್ಲಿ ಕಳುಹಿಸಲು ಇದಕ್ಕಿಂತ ತಕ್ಕ ಭಕ್ಷ್ಯವು ವಿರಳ.

ಭಾರತದಲ್ಲಿ ಈ ಕೇಕಿನ ಆರಂಭವನ್ನು ಕುರಿತು ಮಲೆಯಾಳ ದೇಶದ ತಲಶ್ಶೇರಿಯಲ್ಲಿ ಪರಂಪರೆಯಾಗಿ ಒಂದು ವೃತ್ತಾಂತವನ್ನು ಹೇಳುವರು. 1883ರಲ್ಲಿ ಬ್ರೌನ್ ಎಂಬ ತೋಟದ ದೊರೆಯು ಇಂಗ್ಲೆಂಡಿನಿಂದ ತಂದ ಕೇಕೊಂದನ್ನು ಅಲ್ಲಿ ಬಿಸ್ಕತ್ತಿನ ಕಾರ್ಖಾನೆಯನ್ನಿಟ್ಟಿದ್ದ ಮಾಂಬಳ್ಳಿ ಬಾಪುವಿಗೆ ತೋರಿಸಿ, ಇಂತಹುದನ್ನೇ ಮಾಡಿಕೊಡಬೇಕೆಂದನಂತೆ. ಬಾಪುವು ಕಮ್ಮಾರನಿಂದ ಅಚ್ಚನ್ನು ಮಾಡಿಸಿ, ಪರದೇಶದ ಮದ್ಯಕ್ಕೆ ಬದಲಾಗಿ ನಾಡಿನ ಹಣ್ಣುಗಳ ರಸವನ್ನು ಹುಳಿಯಿಸಿ ಬಳಸಿ ದೊರೆಯ ಮೆಚ್ಚುಗೆಯನ್ನು ಪಡೆದನೆಂದು ಪ್ರತೀತಿ. ನಮ್ಮ ಮಂಗಳೂರಿನ ಕಡೆಯಲ್ಲಿ ಕ್ರೈಸ್ತ ಬಾಂಧವರು ಕ್ರಿಸ್ಮಸ್ಸಿನಲ್ಲಿ ಕುಸ್ವಾರ್ ಎಂದು ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಮೊದಲಾದ ತಿಂಡಿಗಳೊಡನೆ ಹಣ್ಣಿನ ಕೇಕನ್ನೂ ತಟ್ಟೆಯಲ್ಲಿಟ್ಟು, ಮತಭೇದವೆಣಿಸದೆ ನೆರೆಮನೆಗಳಿಗೆ ಕಳುಹಿಸುವರು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯಂದು ಹೆಣ್ಣುಮಕ್ಕಳು ಎಳ್ಳು, ಬೆಲ್ಲ, ಕೊಬರಿ, ಹುರಿಗಡಲೆ, ಕಡಲೆಕಾಯಿ ಬೀಜಗಳನ್ನೂ ಸಕ್ಕರೆಯ ಅಚ್ಚುಗಳನ್ನೂ ಮನೆಮನೆಗೆ ಬೀರಿ ಬರುವರು. ಒಂದು ಒಲೆಯಲ್ಲಿ ಬೆಂದುದು, ಇನ್ನೊಂದು ಒಲೆಯನ್ನು ಬೇಡದು. ಎರಡರ ತಾತ್ಪರ್ಯವೂ ಒಂದೇ. ಬೀಜವೂ ಸಿಹಿಯೂ ಬೆರೆತು ನೆರೆಮನೆಯನ್ನು ಸೇರುವುದು.

ಹೀಗೆ ಚರಿತ್ರೆಯನ್ನು ಹೇಳಿದ ಮೇಲೆ ವಿಧಾನವನ್ನು ಹೇಳದೆ ಬಿಟ್ಟರೆ ವಾಚಕರಿಗೆ ಹಸಿವು ಮಾತ್ರ ಉಳಿದೀತು. ಆದುದರಿಂದ ಅತಿ ಸುಲಭವಾದ ಒಂದು ಕ್ರಮವನ್ನು ಇಲ್ಲಿ ಹೇಳುವೆನು. ಇದರಲ್ಲಿ ಕಡೆಯುವ ಶ್ರಮವಿಲ್ಲ, ಮದ್ಯದ ಸೋಂಕಿಲ್ಲ, ಮೊಟ್ಟೆಯೂ ಬೇಡ. ಒಣದ್ರಾಕ್ಷಿ, ಬೀಜ ತೆಗೆದ ಖರ್ಜೂರ, ಪಾಕದ ಕಿತ್ತಳೆ ಸಿಪ್ಪೆ ಎಲ್ಲವೂ ಸೇರಿ 300 ಗ್ರಾಂ. ಪುಡಿಮಾಡಿದ ಬೆಲ್ಲ 150 ಗ್ರಾಂ. ಬೆಣ್ಣೆ 120 ಗ್ರಾಂ. ನೀರು ಒಂದು ದೊಡ್ಡ ಬಟ್ಟಲು, ಎಂದರೆ 240 ಮಿಲಿಲೀಟರು. ಇವನ್ನು ಒಂದು ಪಾತ್ರೆಯಲ್ಲಿ ಹಾಕಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಿಸಿ, ಇಳಿಸಿ, ಪೂರ್ಣವಾಗಿ ಆರಗೊಡಬೇಕು. ಬಿಸಿಯಾಗಿರುವಾಗಲೇ ಹಿಟ್ಟನ್ನು ಹಾಕಿದರೆ ಉಬ್ಬಿಸುವ ಪುಡಿಯು ಪಾತ್ರೆಯಲ್ಲಿಯೇ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದು. ಆರಿದ ಮೇಲೆ ಅರ್ಧ ಬಟ್ಟಲು ಮೊಸರನ್ನು ಬೆರಸಬೇಕು. ಮೈದಾ ಹಿಟ್ಟು 250 ಗ್ರಾಂ, ಬೇಕಿಂಗ್ ಪೌಡರು ಒಂದೂವರೆ ಸಣ್ಣ ಚಮಚೆ, ಅಡಿಗೆ ಸೋಡಾ ಅರ್ಧ ಸಣ್ಣ ಚಮಚೆ, ಚಕ್ಕೆ, ಜಾಯಿಕಾಯಿ, ಏಲಕ್ಕಿಗಳ ಪುಡಿ ಸ್ವಲ್ಪ, ಇವನ್ನು ಜರಡಿಯಾಡಿ ಸೇರಿಸಿ, ಸಣ್ಣಗೆ ಹೆಚ್ಚಿದ ಗೋಡಂಬಿ ಬಾದಾಮಿಗಳನ್ನು 100 ಗ್ರಾಂನಷ್ಟು ಹಾಕಿ, ಹಿಟ್ಟು ಕಾಣದಂತಾಗುವಷ್ಟು ಮಾತ್ರ ಕಲಸಬೇಕು. ಅತಿಯಾಗಿ ಕಲಸಿದರೆ ಕೇಕು ಗಡುಸಾಗುವುದು. ಬೆಣ್ಣೆ ಸವರಿದ ಅಚ್ಚಿಗೆ ಕಾಗದವನ್ನು ಹಾಸಿ ತುಂಬಿ, 160 ಡಿಗ್ರಿ ಶಾಖದ ಒಲೆಯಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟು ಬೇಯಿಸಬೇಕು. ನಡುವೆ ಚುಚ್ಚಿದ ಕಡ್ಡಿಯು ಶುದ್ಧವಾಗಿ ಹೊರಬಂದರೆ ಬೆಂದಿತೆಂದು ತಿಳಿಯತಕ್ಕದ್ದು. ಪೂರ್ತಿ ಆರಿಸಿ, ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಮರುದಿನಕ್ಕೆ ರುಚಿ ಹೆಚ್ಚುವುದು. ಮೊಸರು ಸೇರಿರುವುದರಿಂದಲೂ ನಮ್ಮ ಹವೆ ಬೆಚ್ಚಗಿರುವುದರಿಂದಲೂ ಇದನ್ನು ಮೂರುನಾಲ್ಕು ದಿನಗಳೊಳಗೆ ಮುಗಿಸುವುದು ಲೇಸು; ಅಂಟಾರ್ಕ್ಟಿಕದ ಕೇಕಿನೊಡನೆ ಸ್ಪರ್ಧೆ ಬೇಡ.

ಇಷ್ಟು ಸುಲಭವಾಗಿ ಆದುದು ಉಡುಗೊರೆಯ ಗೌರವಕ್ಕೆ ತಕ್ಕುದೆ ಎಂದು ಕೆಲವರು ಶಂಕಿಸಬಹುದು. ಕಷ್ಟಪಟ್ಟು ಮಾಡಿದುದಕ್ಕೇ ಬೆಲೆಯೆಂಬುದು ಅವರ ಪಕ್ಷ. ಮೇಲೆ ಹೇಳಿದ ಚರಿತ್ರೆಯೇ ಇದಕ್ಕೆ ಸಮಾಧಾನವನ್ನು ಕೊಡುವುದು. ಕೇಕು ಮಹಾಕಷ್ಟದಿಂದ ಆಗುತ್ತಿದ್ದ ಕಾಲದಲ್ಲಿ ಕೊಟ್ಟವರು ಒಬ್ಬರು, ಕಷ್ಟಪಟ್ಟವರು ಮತ್ತೊಬ್ಬರು. ಸುಲಭವಾದ ಮೇಲೆಯೇ ಕೊಡುವ ಕೈಯೂ ಮಾಡುವ ಕೈಯೂ ಒಂದಾದುವು. ಆದರೆ ಮೂರನೆಯವನ ಮುಖವನ್ನು ನೋಡುವ ಕರ್ತವ್ಯವು ಈಗಲೂ ತಪ್ಪಿದುದಲ್ಲ. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೋಡಂಬಿಯು ನಮ್ಮ ಕರಾವಳಿಯ ಬೆಳೆಯಾಗಿದೆ. ಅದರ ಸಿಪ್ಪೆಯ ಎಣ್ಣೆಯು ಚರ್ಮವನ್ನು ಸುಡತಕ್ಕದ್ದು, ಮತ್ತು ಅದನ್ನು ಸುಲಿಯುವವರಲ್ಲಿ ಹೆಚ್ಚಿನವರು ಬಡ ಹೆಂಗಸರು. ವಿಜಯಪುರದ ಸೀಮೆಯ ದ್ರಾಕ್ಷಿಯ ಹಿಂದೆ ರೈತನ ವರ್ಷದ ದುಡಿಮೆಯಿದೆ. ಅವರಿಗೆ ನ್ಯಾಯವಾದ ಕೂಲಿಯೂ ನ್ಯಾಯವಾದ ಬೆಲೆಯೂ ದೊರೆಯಲೆಂಬುದು ಕೊಡುವವನ ಸಂಕಲ್ಪದಲ್ಲಿ ಸೇರಿರಬೇಕು. ದಾನಕ್ಕೆ ಶ್ರದ್ಧೆಯೇ ಮುಖ್ಯವೆಂದು ನಮ್ಮ ಹಿರಿಯರು ಹೇಳಿದರು. ಶ್ರದ್ಧೆಯೆಂದರೆ ಕೊಡುವ ವಸ್ತುವು ಎಲ್ಲಿಂದ ಬಂದಿತೆಂಬ ಎಚ್ಚರವೂ ಹೌದು. ಆ ಎಚ್ಚರದೊಡನೆ, ಮರಳಿ ಬರಬೇಕೆಂಬ ಲೆಕ್ಕವಿಲ್ಲದೆ, ತನ್ನ ಕೈಯಿಂದ ಮಾಡಿ ಕೊಟ್ಟ ಒಂದು ತುಂಡು ಕೇಕು ಆಗಸ್ಟಸ್ ಅರಸನ 1.8 ಟನ್ನಿಗಿಂತಲೂ ತೂಕವಾದುದೆಂದು ನಮ್ಮ ಅಭಿಪ್ರಾಯ.